ಟಿವಿಯೊಳಗಿನ ಮೇಡಂ

ಹೊಸ ಟಿವಿಯ ರಟ್ಟಿನ ಪೆಟ್ಟಿಗೆ ಬಿಚ್ಚಿದಾಗ ಒಂದು ವಾಸನೆ ಬರುತ್ತದಲ್ಲ, ಥರ್ಮಾಕೋಲು, ಪ್ಲಾಸ್ಟಿಕ್ಕು, ಹೊಸ ವೈರು ಎಲ್ಲ ಕಲೆತದ್ದು, ನನ್ನ ಪಾಲಿಗೆ ಅದೇ ಶಿಕ್ಷಣದ ವಾಸನೆ. ನೀವು ಸೀಮೆಸುಣ್ಣ, ಹೊಸ ಪುಸ್ತಕ ಎಂದೆಲ್ಲ ಹೇಳಬಹುದು. ಪಾಪ, ನೀವು ಹಳೆಯ ಕಾಲದವರು. ಮೊನ್ನೆ ನರಸಿಂಹರಾಜಪುರದ ಒಂದು ಶಾಲೆಯಲ್ಲಿ ಅಂಥ ಪೆಟ್ಟಿಗೆಯೊಂದನ್ನು ಬಿಚ್ಚಿಸುತ್ತಿದ್ದಾಗ ಆ ವಾಸನೆ ಮೂಗಿಗೆ ಹೊಡೆಯಿತು. ಮಾಲತಿ ಮೇಡಂ ನೆನಪಾದರು. ಆಮೇಲೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ನಾನು ಶಾಲೆಗಳಿಗೆ ನಾವೀನ್ಯ ತರುವ ಯೋಜನೆಯೊಂದರ ಸಂಯೋಜಕ. ಹಾಗೆಂದರೆ ಏನು ಕೆಲಸ ಎಂದು ಹೆಂಡತಿ ಮದುವೆಯಾದಂದಿನಿಂದ ಕೇಳುತ್ತಿದ್ದಾಳೆ. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಮೂರೂ ತಾಲ್ಲೂಕಿನ ಬಸ್ಸುಗಳಲ್ಲಿ ಓಡಾಡುವುದು, ಟಿವಿಯ ಮುಂದೆ ಮಕ್ಕಳನ್ನು ಕೂರಿಸಿ ಫೋಟೊ ತೆಗೆಯುವುದು, ತೆಗೆಯುವಾಗ ನಗಿರಿ ಎನ್ನುವುದು. ಫೋಟೊದಲ್ಲಿ ಮಕ್ಕಳು ನಗುತ್ತಿದ್ದರೆ ಕಲಿಕೆ ಆಗಿದೆ ಎಂದರ್ಥ. ಬೆಂಗಳೂರಿನಲ್ಲಿ ಕೂತ ನಮ್ಮ ನಿರ್ದೇಶಕರಿಗೆ ಹಲ್ಲು ಎಣಿಸಿ ಗುಣಮಟ್ಟ ಹೇಳುವಷ್ಟು ಅನುಭವವಿದೆ.

ನೆಮ್ಮಾರ್ ದಾಟಿ ಕೆರೆಕಟ್ಟೆಯ ಕಡೆ ಹೋಗುವ ದಾರಿಯಲ್ಲಿ ಒಂದು ಪ್ರೌಢಶಾಲೆ. ಹೆಸರು ಬೇಡ ಬಿಡಿ. ಅಲ್ಲಿ ಗಣಿತಕ್ಕೆ ಎಷ್ಟೋ ವರ್ಷಗಳಿಂದ ಮೇಷ್ಟ್ರಿರಲಿಲ್ಲ. ಆದೇಶ ಹಿಡಿದು ಬಂದವರು ಮೊದಲು ಕೇಳುತ್ತಿದ್ದುದು ವಾಪಸು ಬಸ್ಸು ಎಷ್ಟು ಹೊತ್ತಿಗೆ ಎಂದು. ಉತ್ತರ ಕೇಳಿ ರಜೆ ಹಾಕುತ್ತಿದ್ದರು. ಊರಿನವರು ಮನವಿ ಕೊಟ್ಟರು, ಮತ್ತೆ ಕೊಟ್ಟರು. ಕೊನೆಗೆ ಇಲಾಖೆಯ ಕಣ್ಣಿಗೆ ನಾವು ಬಿದ್ದೆವು. ಮೇಷ್ಟ್ರನ್ನು ಕಳಿಸುವುದಕ್ಕಿಂತ ಮೇಷ್ಟ್ರ ಚಿತ್ರ ಕಳಿಸುವುದು ಸುಲಭವಲ್ಲವೆ? ಇದನ್ನೇ ನಾವೀನ್ಯ ಎನ್ನುವುದು. ಕೊಪ್ಪ ಪೇಟೆಯ ಶಾಲೆಯೊಂದರ ಗಣಿತದ ಮೇಡಂ ತಮ್ಮ ಶಾಲೆಯಲ್ಲೇ ಕ್ಯಾಮೆರಾ ಮುಂದೆ ಪಾಠ ಮಾಡುವುದು, ಕೆರೆಕಟ್ಟೆ ದಾರಿಯ ಶಾಲೆಯ ಮಕ್ಕಳು ಟಿವಿಯಲ್ಲಿ ನೋಡುವುದು, ಇವರು ಕೇಳುವುದು, ಅವರು ಹೇಳುವುದು.

ಆ ಮೇಡಂ ಮಾಲತಿ. ಐವತ್ತರ ಆಸುಪಾಸಿನವರು, ಮೈಕಿನ ಹಂಗಿಲ್ಲದ ಗಂಟಲು. ಗಂಡನದು ಪೇಟೆಯಲ್ಲೇ ಜೆರಾಕ್ಸ್ ಅಂಗಡಿ. ಶಾಲೆಯಿಂದ ಮನೆಗೆ ನಡೆದೇ ಹೋಗಬಹುದು. ಮಂಡಿನೋವಿದ್ದ ಅವರು ಆ ಅನುಕೂಲವನ್ನು ದೇವರು ಕೊಟ್ಟ ವರವೆಂದೇ ತಿಳಿದಿದ್ದರು. ನಾನು ಯೋಜನೆ ವಿವರಿಸಿದಾಗ ಪೂರ್ತಿ ಕೇಳಿ, "ಅಂದ್ರೆ ಎಂತದು ಮಾರಾಯ್ರೇ, ನಾನು ಇಲ್ಲಿ ಗೋಡೆಗೆ ಪಾಠ ಮಾಡೋದು, ಅವು ಅಲ್ಲಿ ಗೋಡೆ ನೋಡಿ ಕಲಿಯೋದು, ಅಷ್ಟೇ ಅಲ್ವಾ?" ಎಂದರು. ನಮ್ಮ ಯೋಜನೆಯ ದಪ್ಪ ಪುಸ್ತಕದಲ್ಲಿ ಇಷ್ಟು ಚೊಕ್ಕವಾದ ವಿವರಣೆ ಎಲ್ಲೂ ಇರಲಿಲ್ಲ.

ಆದರೂ ಒಪ್ಪಿದರು. ಒಪ್ಪಿದ ಮೇಲೆ ಅರ್ಧಂಬರ್ಧ ಮಾಡುವ ಜಾಯಮಾನದವರಲ್ಲ. ಆ ಟಿವಿಯಲ್ಲಿ ಅವರ ತಲೆ ಮನುಷ್ಯರ ತಲೆಗಿಂತ ದೊಡ್ಡದಾಗಿ ಕಾಣುತ್ತಿತ್ತು. ಮಕ್ಕಳು ಮೊದಮೊದಲು ಹೆದರಿದರು, ಆಮೇಲೆ ಒಗ್ಗಿಕೊಂಡರು. ಗಾಳಿಮಳೆಗೆ ಕರೆಂಟು ಹೋದರೆ ಮೇಡಂ ವಾಕ್ಯದ ನಡುವೆ ಮಾಯವಾಗುತ್ತಿದ್ದರು. ಕರೆಂಟು ಬಂದಾಗ ಅಲ್ಲಿ ಬೇರೆಯೇ ಲೆಕ್ಕ ನಡೆಯುತ್ತಿರುತ್ತಿತ್ತು. ವರ್ಷದ ಕೊನೆಗೆ ನಮ್ಮ ಯೋಜನೆ ಮಾದರಿ ಎನಿಸಿಕೊಂಡಿತು. ನನಗೊಂದು ಶಾಲು ಸಿಕ್ಕಿತು. ಚಳಿಗಾಲದಲ್ಲಿ ಈಗಲೂ ಉಪಯೋಗಕ್ಕೆ ಬರುತ್ತದೆ. ಯೋಜನೆಯಿಂದ ಆದ ಶಾಶ್ವತ ಪ್ರಯೋಜನ ಏನೆಂದು ಯಾರಾದರೂ ಕೇಳಿದರೆ ಅದನ್ನೇ ತೋರಿಸುತ್ತೇನೆ.

ನಿರ್ದೇಶಕರಿಗೆ ಒಂದು ಫೋಟೊ ಕಡಿಮೆಯಾಗಿತ್ತು. ಟಿವಿಯ ಮೇಡಂ ಟಿವಿಯ ಮಕ್ಕಳನ್ನು ಎದುರುಬದುರು ನೋಡುವ ಫೋಟೊ. "ಭಾವುಕವಾಗಿರಲಿ, ಸಾಧ್ಯವಾದರೆ ಕಣ್ಣೀರು" ಎಂದು ಫೋನಿನಲ್ಲಿ ಅಪ್ಪಣೆಯಾಯಿತು. ಮಾಲತಿ ಮೇಡಂ ಅವರನ್ನು ಶೃಂಗೇರಿಗೆ ಒಂದು ಬಸ್ಸು, ಅಲ್ಲಿಂದ ಮುಂದೆ ಇನ್ನೊಂದು ಬಸ್ಸು ಹತ್ತಿಸಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ತಿರುವುಗಳನ್ನೂ ನನ್ನನ್ನೂ ಬೈದರು.

ತರಗತಿಯೊಳಗೆ ಕಾಲಿಟ್ಟು, "ಏನ್ರೋ, ಎಲ್ಲ ಹೇಗಿದ್ದೀರಿ?" ಎಂದರು. ಯಾರೂ ಮಾತಾಡಲಿಲ್ಲ. ಮೇಡಂ ನನ್ನ ಮುಖ ನೋಡಿದರು. ಅಷ್ಟರಲ್ಲಿ ಎಲ್ಲರೂ ಒಟ್ಟಿಗೇ, "ಚೆನ್ನಾಗಿದ್ದೀವಿ ಮೇಡಂ!" ಎಂದರು. ಇನ್ನೊಂದು ಪ್ರಶ್ನೆ ಕೇಳಿದರು. ಮತ್ತೆ ಅದೇ ಮೌನ, ಆಮೇಲೆ ಉತ್ತರ.

"ಎಂತಕ್ಕೆ ಹೀಗೆ ಬಾಯಿ ಮುಚ್ಕೊಂಡು ಕೂರ್ತೀರಿ?"

ಮುಂದಿನ ಬೆಂಚಿನ ಹುಡುಗ ಎದ್ದು ನಿಂತ. "ನೀವು ಹೇಳಿದ್ದು ಪೂರ್ತಿ ಬಂದು ಮುಟ್ಟಲಿ ಅಂತ, ಮೇಡಂ. ಟಿವೀಲಿ ನಡುವೆ ಮಾತಾಡಿದ್ರೆ ನಿಮಗೆ ಕೇಳಲ್ವಲ್ಲ."

ನಾನು ನಕ್ಕೆ. ಮೇಡಂ ನಗಲಿಲ್ಲ. ಅವರ ಕಣ್ಣು ಕಿಟಕಿಯ ಬದಿಯ ಬೆಂಚುಗಳ ಮೇಲಿತ್ತು. "ಇವ್ರೆಲ್ಲ ಯಾವ ಕ್ಲಾಸಿನವರು?" ಎಂದು ಕೇಳಿದರು.

"ಇದೇ ಕ್ಲಾಸು ಮೇಡಂ," ಎಂದಳು ಅಲ್ಲಿದ್ದ ಹುಡುಗಿ. ಹೆಸರು ಚೈತ್ರಾ. "ನಾವು ಕ್ಯಾಮೆರಾಕ್ಕೆ ಸಿಗಲ್ಲ. ಕೈ ಎತ್ತಿದ್ದೆ ಮೇಡಂ. ಸುಮಾರು ಸಲ ಎತ್ತಿದ್ದೆ."

ಆ ಗೋಡೆಯಲ್ಲಿ ಮೊಳೆ ನಿಂತ ಜಾಗ ಒಂದೇ. ಟಿವಿ ಅಲ್ಲಿ ಕೂತಿತು, ಅದರ ತಲೆಯ ಮೇಲೆ ಕ್ಯಾಮೆರಾ ಕೂತಿತು, ಕಿಟಕಿಯ ಬದಿಯ ಮಕ್ಕಳು ಹೊರಗುಳಿದರು. ಮೇಡಂ ವರ್ಷವಿಡೀ ಕಂಡ ಮುಖಗಳನ್ನು ಮಾತಾಡಿಸಿದ್ದರು, ಕಾಣದವರು ಇದ್ದಾರೆಂದೇ ಅವರಿಗೆ ಗೊತ್ತಿರಲಿಲ್ಲ. ಅವರು ಚೈತ್ರಾಳ ಪಕ್ಕ ಬೆಂಚಿನಲ್ಲಿ ಕೂತು, "ಯಾವ ಲೆಕ್ಕ ಬರಲಿಲ್ಲ ತೋರಿಸು ಕೂಸೇ" ಎಂದರು. ಕಡೆಯ ಬಸ್ಸಿನ ಹೊತ್ತಾಗುವ ತನಕ ಏಳಲಿಲ್ಲ. ಫೋಟೊ ಬಂತು, ಆದರೆ ಎಲ್ಲದರಲ್ಲೂ ಮೇಡಂ ಬೆನ್ನು. ನಿರ್ದೇಶಕರಿಗೆ ಬೆನ್ನಿನಲ್ಲಿ ಭಾವುಕತೆ ಕಾಣಲಿಲ್ಲ.

ವಾಪಸು ಬರುವಾಗ ಮೇಡಂ ತಿರುವುಗಳನ್ನು ಬೈಯಲಿಲ್ಲ. ಶೃಂಗೇರಿಯಲ್ಲಿ ಬಸ್ಸು ಇಳಿದ ಮೇಲೆ ಒಂದೇ ಮಾತು ಕೇಳಿದರು: "ಅಲ್ಲಿ ಬಾಡಿಗೆಗೆ ಮನೆ ಸಿಗತ್ತಾ ಸಾರ್?" ನಾನು ಅದನ್ನು ಆಯಾಸದ ಮಾತು ಎಂದುಕೊಂಡೆ. ಸಂಯೋಜಕನಿಗೆ ಎಲ್ಲವೂ ತಡವಾಗಿ ತಿಳಿಯುವುದು ಯೋಜನೆಯ ನಿಯಮ.

ವರ್ಗಾವಣೆಯ ಕೌನ್ಸೆಲಿಂಗಿನಲ್ಲಿ ಮೇಡಂ ಆ ಶಾಲೆಯನ್ನೇ ಆರಿಸಿಕೊಂಡರು. ಕಂಪ್ಯೂಟರಿನ ಮುಂದಿದ್ದ ಗುಮಾಸ್ತರು, "ತಪ್ಪಿ ಒತ್ತಿದ್ರಾ ಮೇಡಂ? ಇನ್ನೊಂದು ಸಲ ನೋಡಿ" ಎಂದು ಕನಿಕರದಿಂದ ಹೇಳಿದರಂತೆ. ಗಂಡ ಒಂದು ವಾರ ಮಾತು ಬಿಟ್ಟಿದ್ದರು. ಎಂಟನೇ ದಿನ ಅವರೇ ಗಾಡಿ ಮಾಡಿಸಿ ಗ್ಯಾಸು, ಮಂಚ, ಮಂಡಿಗೆ ಹಚ್ಚುವ ಎಣ್ಣೆ ಎಲ್ಲ ಸಾಗಿಸಿಕೊಟ್ಟರು. ಶನಿವಾರ ಸಂಜೆ ಅಂಗಡಿಗೆ ಬೀಗ ಹಾಕಿ ಅಲ್ಲಿಗೆ ಹೋಗುವ ಕ್ರಮ ಶುರುವಾಯಿತು.

ನಮ್ಮ ಕಚೇರಿಯಲ್ಲಿ ಸೂತಕ. ಮಾದರಿ ಶಾಲೆಗೆ ಮೇಷ್ಟ್ರು ಬಂದುಬಿಟ್ಟರೆ ಯೋಜನೆಯ ಗತಿಯೇನು? ಪರಿಶೀಲನಾ ಸಭೆಯಲ್ಲಿ "ಎದುರಾದ ಸವಾಲುಗಳು" ಎಂಬ ತಲೆಬರಹದ ಕೆಳಗೆ "ಶಿಕ್ಷಕರು ಲಭ್ಯರಾದರು" ಎಂದು ನಾನೇ ಓದಿ ಹೇಳಬೇಕಾಯಿತು. ನಿರ್ದೇಶಕರು ಕಣ್ಣು ಮುಚ್ಚಿ ಯೋಚಿಸಿದರು. ಅವರು ಕಣ್ಣು ಮುಚ್ಚಿದರೆ ಯಾರಿಗೋ ಗ್ರಹಚಾರ.

"ಈಗ ಕೊಪ್ಪದ ಶಾಲೆಯಲ್ಲಿ ಗಣಿತಕ್ಕೆ ಯಾರೂ ಇಲ್ಲ, ಅಲ್ಲವೆ? ದಿಕ್ಕು ಬದಲಿಸಿ. ಹಳ್ಳಿಯಿಂದ ಪೇಟೆಗೆ ಜ್ಞಾನದ ಹರಿವು!"

ಟಿವಿ ಬಿಚ್ಚಿ ಕೊಪ್ಪಕ್ಕೆ ತಂದೆವು. ಮೇಡಂ ಏನನ್ನುತ್ತಾರೋ ಎಂದು ಅಂಜಿಕೊಂಡು ಕೇಳಿದರೆ, "ಮಾಡ್ತೀನಿ. ಅವೂ ನನ್ನ ಮಕ್ಕಳೇ, ನಡುನೀರಲ್ಲಿ ಬಿಟ್ಟು ಬಂದಿದ್ದೀನಿ" ಎಂದರು. ಆ ಮಾತು ಹೇಳುವಾಗ ಅವರ ದನಿ ಮೊದಲ ಸಲ ಸಣ್ಣದಾಗಿತ್ತು. ಎರಡು ದಡದ ಮಕ್ಕಳಲ್ಲಿ ಯಾರನ್ನು ಹಿಡಿದರೂ ಇನ್ನೊಬ್ಬರ ಕೈ ಬಿಡಬೇಕಾದ ಸಂಕಟ ಅವರನ್ನು ತಿನ್ನುತ್ತಿತ್ತು. ನಮ್ಮ ಯೋಜನೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಕೊಪ್ಪದಲ್ಲಿ ಟಿವಿ ಹಾಕಿದ ವಾರದೊಳಗೆ ಪೋಷಕರು ಬಂದರು. ಮೊದಲು ಒಬ್ಬರು, ಆಮೇಲೆ ಗುಂಪು. ಮುಂದೆ ನಿಂತಿದ್ದ ಹಾರ್ಡ್‌ವೇರ್ ಅಂಗಡಿಯವರು ನನ್ನನ್ನೇ ಹಿಡಿದುಕೊಂಡರು.

"ನಮ್ಮ ಮಕ್ಕಳು ಟಿವಿ ನೋಡಿ ಲೆಕ್ಕ ಕಲಿಬೇಕಾ? ಕರೆಂಟು ಹೋದ್ರೆ ಎಂತ ಮಾಡ್ತೀರಿ? ಡೌಟು ಬಂದ್ರೆ ಯಾರನ್ನ ಕೇಳ್ಬೇಕು? ನಮ್ಮನ್ನ ಎಂತ ಅಂದ್ಕೊಂಡಿದ್ದೀರಿ?"

"ಇದು ಮಾದರಿ ಯೋಜನೆ ಸಾರ್, ಅಲ್ಲಿ ವರ್ಷವಿಡೀ ಚೆನ್ನಾಗಿ ನಡೆದಿದೆ" ಎಂದೆ.

"ಅಲ್ಲಿ ನಡಿಬಹುದು ಮಾರಾಯ್ರೇ. ಇದು ಪೇಟೆ!"

ಅವರು ಫೋನು ಮಾಡಬೇಕಾದವರಿಗೆ ಫೋನು ಮಾಡಿದರು. ಶಿಕ್ಷಣಾಧಿಕಾರಿ ಕಚೇರಿಯ ಮುಂದೆ ಒಂದು ಬೆಳಗ್ಗೆ ನಿಂತರು. ತಿಂಗಳು ತುಂಬುವುದರೊಳಗೆ ನಿಯೋಜನೆಯ ಮೇಲೆ ಗಣಿತದ ಮೇಷ್ಟ್ರೊಬ್ಬರು ಚೀಲ ಹಿಡಿದು ಬಂದೇಬಿಟ್ಟರು, ಟಿವಿಯನ್ನು ಮೂಲೆಗೆ ಸರಿಸಿ ಬೋರ್ಡು ಒರೆಸಿದರು. ವರ್ಷಗಟ್ಟಲೆ ಮನವಿ ಕೊಟ್ಟರೂ ಕೆರೆಕಟ್ಟೆ ದಾರಿಯ ಊರಿಗೆ ಸಿಗದಿದ್ದುದು ಇಲ್ಲಿ ಹೀಗೆ ಸಿಕ್ಕಿತು. ಎರಡೂ ಶಾಲೆಗೆ ಮೇಷ್ಟ್ರು ಬಂದರು, ನಮ್ಮ ಯೋಜನೆ ಪೂರ್ತಿ ಮುಳುಗಿತು. ನಾನು ನಡೆಸಿದ ಯೋಜನೆಗಳಲ್ಲೆಲ್ಲ ಗುರಿ ಮುಟ್ಟಿದ್ದು ಅದೊಂದೇ.

ಚೈತ್ರಾ ಗಣಿತದಲ್ಲಿ ಪಾಸಾಗಿ ಈಗ ಶೃಂಗೇರಿಯಲ್ಲಿ ಕಾಲೇಜಿಗೆ ಹೋಗುತ್ತಾಳೆ ಎಂದು ಮೇಡಂ ಯಾವಾಗಲೋ ಹೇಳಿದ್ದರು.

ಮೊನ್ನೆ ಎನ್.ಆರ್.ಪುರದಲ್ಲಿ ಪೆಟ್ಟಿಗೆ ಬಿಚ್ಚಿದ ಮೇಲೆ ಸಭೆಯಿತ್ತು. ಉಳಿದ ಟಿವಿಗಳು ಯಾವ ಹಳ್ಳಿಗೆ ಎಂದು ಬೆಂಗಳೂರಿನಿಂದ ಬಂದಿದ್ದ ನಿರ್ದೇಶಕರು ಕೇಳಿದರು. ಈ ಸಲ ಎಲ್ಲ ಟಿವಿಗಳನ್ನೂ ಪೇಟೆಯ ಶಾಲೆಗಳಿಗೇ ಹಾಕೋಣ, ಅಲ್ಲಿರುವ ಮೇಷ್ಟ್ರುಗಳನ್ನು ಹಳ್ಳಿಗೆ ಕಳಿಸೋಣ, ಆಮೇಲೆ ಆಗುವುದನ್ನು ನೋಡೋಣ ಎಂದೆ. ಇಷ್ಟು ವರ್ಷಗಳಲ್ಲಿ ನಾನಾಗಿ ಸೂಚಿಸಿದ ನಾವೀನ್ಯ ಅದೊಂದೇ. ನಿರ್ದೇಶಕರು ಕಣ್ಣು ಮುಚ್ಚಿದರು. ಈ ಸಲ ಗ್ರಹಚಾರ ಯಾರದೆಂದು ನನಗೆ ಗೊತ್ತಿತ್ತು.

ಹೊರಗೆ ಬಂದು ಮಾಲತಿ ಮೇಡಂಗೆ ಫೋನು ಮಾಡಿದೆ. ನನ್ನ ಸಾಹಸವನ್ನು ಯಾರಿಗಾದರೂ ಹೇಳಬೇಕಿತ್ತು. ಅರ್ಧ ಕೇಳಿಸಿಕೊಂಡು, "ನಿಮ್ಮ ಕೆಲಸ ಹೋದ್ರೆ ಇಲ್ಲಿಗೆ ಬನ್ನಿ ಸಾರ್, ಇಂಗ್ಲಿಷಿಗೆ ಯಾರೂ ಇಲ್ಲ. ಈಗ ಇಡ್ತೀನಿ, ಕ್ಲಾಸಿದೆ" ಎಂದರು. ಇಟ್ಟೂಬಿಟ್ಟರು.

ನಾನು ಇಂಗ್ಲಿಷ್ ಎಂ.ಎ. ಎಂದು ಎಂದೋ ಬಸ್ಸಿನಲ್ಲಿ ಹೇಳಿದ್ದು ಅವರಿಗೆ ಹೇಗೆ ನೆನಪಿತ್ತೋ! ಬಸ್‌ಸ್ಟ್ಯಾಂಡಿಗೆ ಬಂದು, ವಿಚಾರಣೆಯ ಕಿಂಡಿಯಲ್ಲಿ ಬಗ್ಗಿ, ಕೆರೆಕಟ್ಟೆಯ ಕಡೆಗೆ ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ. ವಾಪಸು ಬಸ್ಸಿನ ಸಮಯ ಕೇಳಲಿಲ್ಲ.