ಸಚೇತಕರ ಕನ್ನಡಕ

ರಾಜಕೀಯ ಸುಧಾರಣೆ ಹೇಗೆ ಎಂದು ಯಾರು ಕೇಳಿದರೂ ಮಾಜಿ ಶಾಸಕರ ಉತ್ತರ ಒಂದೇ: "ಮೊದ್ಲು ಸಚೇತಕರ ಕನ್ನಡಕ ಕಿತ್ಕೊಳ್ಳಿ." ಕೇಳಿದವರು ನಗುತ್ತಾರೆ, ಅವರು ನಗುವುದಿಲ್ಲ. ಒಳಗಿನಿಂದ ಹೆಂಡತಿ, "ಶುರುವಾಯ್ತು," ಎನ್ನುತ್ತಾರೆ.

ಸದನಕ್ಕೆ ಬರುವ ಮುಂಚೆ ಅವರದೊಂದು ಟೈರು ರಿಪೇರಿ ಅಂಗಡಿಯಿತ್ತು. "ಇದು ಪಂಕ್ಚರ್ ಹಾಕೋ ಟೈರಲ್ಲ ಸ್ವಾಮಿ, ಎಸೆಯೋ ಟೈರು" ಎಂದು ಗಿರಾಕಿಯ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದ ಆಸಾಮಿ. ಆ ನೇರಮಾತಿಗೆ ಮರುಳಾಗಿಯೇ ಜನ ಗೆಲ್ಲಿಸಿ ಕಳಿಸಿದರು. ಕಳಿಸಿದ ಜಾಗದಲ್ಲಿ ಮಾತಿಗೆ ಕೆಲಸವೇ ಇರಲಿಲ್ಲ.

ಯಾವುದಕ್ಕೆ ಹೇಗೆ ಮತ ಹಾಕಬೇಕೆಂದು ಪಕ್ಷದವರಿಗೆ ತಿಳಿಸುವುದು ಸಚೇತಕರ ಹೊಣೆ. ಇವರ ಪಕ್ಷದ ಸಚೇತಕರು, ವಯಸ್ಸಾದ ಹಿರಿಯರು, ಮೊದಲ ಸಾಲಿನಲ್ಲಿ ಕೂತು ಬಾಯಿ ಬಿಡದೆ ಅದನ್ನು ಪೂರೈಸುತ್ತಿದ್ದರು. ಮಸೂದೆ ಬೇಕೆಂದರೆ ಕನ್ನಡಕ ಮೂಗಿನ ಮೇಲೆ, ಬೇಡವೆಂದರೆ ಕೈಯಲ್ಲಿ. ಹಿಂದೆ ಕೂತವರಿಗೆ ಅವರ ಕಿವಿಯ ಮೇಲೆ ಕನ್ನಡಕದ ಕಡ್ಡಿ ಕಂಡರೆ 'ಹೌದು', ಕಾಣದಿದ್ದರೆ 'ಇಲ್ಲ'. ಓದುವ ಗೋಜಿಲ್ಲ, ಕೂಗಿ ಕ್ಯಾಂಟೀನಿಗೆ ಹೋದರಾಯಿತು. ಒಮ್ಮೆ ಕಣ್ಣಿಗೆ ಧೂಳು ಬಿದ್ದು ಅವರು ಕನ್ನಡಕ ತೆಗೆದದ್ದೇ ತಡ, ಸ್ವಂತ ಸರ್ಕಾರದ ರಸ್ತೆ ಮಸೂದೆ ನೆಲಕಚ್ಚಿತು. ಮರುದಿನ ಅದನ್ನು ಎಬ್ಬಿಸಿ ಕೂರಿಸುವಷ್ಟರಲ್ಲಿ ಎಲ್ಲರಿಗೂ ಸಾಕುಬೇಕಾಯಿತು.

"ಅಂಗಡೀಲಿ ನಿಮಗೆ ಬಾಯಿತ್ತು," ಎಂದರು ಹೆಂಡತಿ ಒಂದು ದಿನ. "ಈಗ ಬರೀ ಗಂಟಲಿದೆ."

ಮಾತು ನಾಟಿತು. ಶಾಸಕರು ಹಟ ಹಿಡಿದು ತಮ್ಮದೇ ಒಂದು ಖಾಸಗಿ ಮಸೂದೆ ಬರೆದರು: ಸರ್ಕಾರದ ಅಳಿವು ಉಳಿವಿನ ಪ್ರಶ್ನೆ ಇಲ್ಲದ ಕಡೆ ಶಾಸಕರು ತಮಗೆ ಸರಿಕಂಡಂತೆ ಮತ ಹಾಕಬಹುದು, ಅದಕ್ಕಾಗಿ ಪಕ್ಷ ಅವರನ್ನು ದಂಡಿಸುವಂತಿಲ್ಲ. ಅದು ಬಿದ್ದುಹೋಗುವುದು ಗ್ಯಾರಂಟಿ ಎಂದು ಅವರಿಗೂ ಗೊತ್ತಿತ್ತು. ಬೀಳಲಿ, ತನ್ನದೊಂದು ಸ್ವಂತ 'ಹೌದು' ಸದನದಲ್ಲಿ ಕೇಳಿಸಬೇಕು, ಅದನ್ನು ಹೆಂಡತಿ ಕೂತು ಕೇಳಬೇಕು. ಅಷ್ಟೇ ಆಸೆ. ಪ್ರೇಕ್ಷಕರ ಗ್ಯಾಲರಿಗೆ ಹೆಂಡತಿಯ ಹೆಸರಿನಲ್ಲಿ ಪಾಸು ಮಾಡಿಸಿದರು.

ಭಾಷಣ ಚೆನ್ನಾಗಿಯೇ ಆಯಿತು. ವಿರೋಧಪಕ್ಷದಲ್ಲಿ ಇಬ್ಬರು ನಿದ್ದೆಯಿಂದ ಎದ್ದು ಕೇಳಿದರು. ಬೆವರು ಒರೆಸಿಕೊಂಡು ಅವರು ಕೂತರು. ಸಭಾಧ್ಯಕ್ಷರು ಧ್ವನಿಮತಕ್ಕೆ ಹಾಕಿ, "ಪರವಾಗಿರುವವರು?" ಎಂದರು.

ಶಾಸಕರ ಕಣ್ಣು ತಾನಾಗಿ ಮೊದಲ ಸಾಲಿಗೆ ಹೋಯಿತು. ಕಿವಿಯ ಮೇಲೆ ಕಡ್ಡಿ ಇರಲಿಲ್ಲ. ಶಾಸಕರ ಬಾಯಿ ಮುಚ್ಚಿಯೇ ಇತ್ತು.

"ವಿರುದ್ಧವಾಗಿರುವವರು?"

"ಇಲ್ಲ!" ಎಂದು ಇಡೀ ಸದನ ಕೂಗಿತು. ಎಲ್ಲರಿಗಿಂತ ಜೋರಾಗಿ ಕೂಗಿದವರು ಮಸೂದೆ ತಂದವರೇ.

"ಅಯ್ಯೋ, ಅದು ನಿಮ್ಮದೇ ಮಸೂದೆ ಕಣ್ರೀ!" ಗ್ಯಾಲರಿಯಿಂದ ಹೆಂಗಸಿನ ದನಿ ಬಂತು. "ಹೌದು ಅನ್ರೀ, ಹೌದು!"

ಸದನ ಬಿದ್ದು ಬಿದ್ದು ನಕ್ಕಿತು. ಸಭಾಧ್ಯಕ್ಷರು ನಗಲಿಲ್ಲ, ಗ್ಯಾಲರಿಯವರು ಉಸಿರೆತ್ತುವಂತಿಲ್ಲ ಎಂಬ ನಿಯಮ ಅವರಿಗೆ ಪ್ರಾಣ. ಮಾರ್ಷಲ್‌ಗಳು ಶಾಸಕರ ಹೆಂಡತಿಯ ಎರಡೂ ಕಡೆ ನಿಂತರು. ಪಾಸು ಕೊಡಿಸಿದವರು ಯಾರೆಂದು ವಿಚಾರಣೆಯಾಯಿತು. ಶಾಸಕರು ಎದ್ದು ನಿಂತರು.

"ಆಕೆಯ ಪರವಾಗಿ ಕ್ಷಮೆ ಕೇಳಿ. ಇಲ್ಲವಾದರೆ ಅಧಿವೇಶನ ಮುಗಿಯುವವರೆಗೆ ಹೊರಗಿರಿ," ಎಂದರು ಸಭಾಧ್ಯಕ್ಷರು.

ಸಚೇತಕರು ಹಿಂದಿರುಗಿ ನೋಡಿದರು. ಈಗ ಕನ್ನಡಕ ಮೂಗಿನ ಮೇಲಿತ್ತು. ಕೇಳಿಬಿಡು ಎಂಬಂತೆ ತಲೆಯನ್ನೂ ಆಡಿಸಿದರು.

"ಇಲ್ಲ," ಎಂದರು ಶಾಸಕರು.

"ಏನು ಇಲ್ಲ?"

"ಕ್ಷಮೆ ಕೇಳಲ್ಲ. ಅವಳು ಹೇಳಿದ್ದೇ ಸರಿ."

ಅವರನ್ನು ಹೊರಗೆ ಹಾಕಿದರು. ಮುಂದಿನ ಚುನಾವಣೆಗೆ ಪಕ್ಷ ಟಿಕೆಟ್ ಕೊಡಲಿಲ್ಲ. ಅಂಗಡಿ ಇತ್ತು, ಹೊಟ್ಟೆಗೆ ಮೋಸವಾಗಲಿಲ್ಲ.

ಆವತ್ತು ಹೊರಗಿನ ಮೆಟ್ಟಿಲ ಮೇಲೆ ಹೆಂಡತಿ ತೋಳು ಹಿಡಿದುಕೊಂಡು ಕೇಳಿದರು: "ಈ ಬಾಯಿ ಸ್ವಲ್ಪ ಮುಂಚೆ ಬಂದಿದ್ರೆ ಏನಾಗ್ತಿತ್ತು?"

"ಆಗ್ಲೂ ಬಿದ್ದೇ ಹೋಗ್ತಿತ್ತು ಕಣೇ."

"ಬೀಳ್ಲಿ. ಅದರ ಕಡೆ ಒಬ್ಬರಾದ್ರೂ ಇರ್ತಿದ್ರು."

ಮಸೂದೆಯ ಪರವಾಗಿ ಯಾರೂ ದನಿ ಎತ್ತಲಿಲ್ಲ ಎಂದೇ ಸದನದ ಕಡತದಲ್ಲಿದೆ. ಗ್ಯಾಲರಿಯ ಮಾತನ್ನು ಕಡತಕ್ಕೆ ಸೇರಿಸುವಂತಿಲ್ಲ.