ಬಿಗಿಯಾದ ಕಾಲುಂಗುರ

ನಾನು ಮೇಟ್ರನ್ ಆಗಿರುವ ಕಲಬುರಗಿಯ ಆಸ್ಪತ್ರೆಯಲ್ಲಿ ರೋಗಿಗಳು ಆಭರಣ ತೊಡುವಂತಿಲ್ಲ. ಕಮಲಾಪುರದಿಂದ ಬಂದ ಶಾಂತಮ್ಮನ ಕಾಲುಂಗುರಗಳು ಮಾತ್ರ ಬಾತ ಬೆರಳುಗಳಲ್ಲಿ ಹೂತುಹೋಗಿದ್ದವು. ಸಾಬೂನು ಹಚ್ಚಿದರೂ ಬರಲಿಲ್ಲ.

"ಬಿಗಿ ಆಗ್ಯಾವಂತ ಶಹಾಬಜಾರದ ಅಕ್ಕಸಾಲಿಗನ ಕಡೆ ಎರಡು ಸಲ ದೊಡ್ಡವು ಮಾಡಿಸೀನ್ರಿ, ಸಿಸ್ಟರ್."

"ಮಲಗಿದರೆ ದಮ್ಮು ಬರುತ್ತದೆಯೇ?"

"ಅದಕ್ಕ ಕುಂತೇ ನಿದ್ದಿ ಮಾಡ್ತೀನ್ರಿ. ವಯಸ್ಸಾತಲ್ಲ."

ವಯಸ್ಸಲ್ಲ, ಹೃದಯ ವೈಫಲ್ಯ. ಹೃದಯ ರಕ್ತವನ್ನು ಸರಿಯಾಗಿ ತಳ್ಳುತ್ತಿಲ್ಲವೆಂದು ಎಕೋ ಪರೀಕ್ಷೆ ತೋರಿಸಿತು. ಇನ್ನಷ್ಟು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಔಷಧಿಯಿಂದ ಕಾಲಲ್ಲಿ ತುಂಬಿದ್ದ ನೀರಿಳಿದು ಬಾವು ಕರಗಿತು.

ಮರುತಿಂಗಳು ಬಂದವಳದು ದೂರು: "ನಿಮ್ಮ ಗುಳಿಗಿ ನುಂಗಿದಾಗಿಂದ ಉಂಗುರ ಉದುರಾಕತ್ತಾವ್ರಿ. ಸಣ್ಣವು ಮಾಡಿಸ್ಲೇನ್ರಿ?"

"ಬೇಡ, ದಾರ ಸುತ್ತಿ ಹಾಕಿಕೊಳ್ಳಿ. ಮತ್ತೆ ಬಿಗಿಯಾದರೆ ಅಕ್ಕಸಾಲಿಗನ ಹತ್ತಿರವಲ್ಲ, ಅದೇ ದಿನ ಇಲ್ಲಿಗೆ ಬನ್ನಿ."

ರೋಗಿಯೊಬ್ಬರಿಗೆ ಆಭರಣ ತೊಡಿ ಎಂದು ನಾನು ಹೇಳಿದ್ದು ಅದೊಂದೇ ಸಲ.