ಶಾಂತಕ್ಕ ಹರಿಯದ ಹಾಳೆಗಳು

ಶಾಂತಕ್ಕ, ಪತ್ತೇದಾರಿ ಕಾದಂಬರಿಗಳ ಕೊನೆಯ ಹಾಳೆಗಳನ್ನು ಹರಿದವರು ನೀವಲ್ಲ. ನಿಮ್ಮ ಮೇಲೆ ಕಳ್ಳತನ ಹೊರಿಸಿದ ಎಂಟನೆಯ ದಿನವೇ ಅದು ನನಗೆ ಗೊತ್ತಾಗಿತ್ತು. ಮೂವತ್ತು ವರ್ಷ ಬಾಯಿ ಬಿಡಲಿಲ್ಲ.

ರಾಮದುರ್ಗದ ನಮ್ಮ ಬಾಡಿಗೆ ಪುಸ್ತಕದ ಅಂಗಡಿ ನಿಮಗೆ ನೆನಪಿರಲೇಬೇಕು. ಉಳಿದ ಹೆಣ್ಣುಮಕ್ಕಳು ಚೀಟಿ ಬರೆದು ಕಳಿಸಿ ಪುಸ್ತಕ ತರಿಸಿಕೊಳ್ಳುತ್ತಿದ್ದರು. ನೀವು ಮಾತ್ರ ಹೊಲಿಗೆ ಕೆಲಸ ಬಿಟ್ಟು ಖುದ್ದು ಬಂದು, ಕಪಾಟಿನ ಮುಂದೆ ನಿಂತು, ಮೊದಲು ಕೊನೆಯ ಹಾಳೆ ಓದಿ, ಆಮೇಲೆ ಒಯ್ಯುವುದೋ ಬಿಡುವುದೋ ತೀರ್ಮಾನಿಸುತ್ತಿದ್ದಿರಿ.

ನಾನೋ — ಆ ಪುಸ್ತಕಗಳ ಹುಚ್ಚ. ಚುಟುಕು ವಾಕ್ಯಗಳು, ಯಾರಿಗೂ ಬಗ್ಗದ ಒಂಟಿ ಪತ್ತೇದಾರ, ದುಡ್ಡಿದ್ದವರ ಮುಖಕ್ಕೆ ಹೊಡೆದಂತೆ ಅವನಾಡುವ ಮಾತು — ಇವತ್ತು ತೆರೆದರೂ ಕೆಳಗಿಡಲು ಮನಸ್ಸಾಗುವುದಿಲ್ಲ. ಆದರೆ ಅವುಗಳಲ್ಲಿ ಧೈರ್ಯವಾಗಿ ಒಬ್ಬಳೇ ನಡೆದುಬರುವ ಹೆಂಗಸು ಒಂದೋ ಮೋಸಗಾತಿ, ಇಲ್ಲವೇ ಹೆಣ. ನಾನು ಅದನ್ನೇ ಲೋಕಜ್ಞಾನ ಅಂದುಕೊಂಡಿದ್ದೆ. ಹಾಳೆಗಳು ಕಾಣೆಯಾಗತೊಡಗಿದಾಗ ನನ್ನ ತನಿಖೆ ಅರ್ಧ ತಾಸಿನಲ್ಲಿ ಮುಗಿಯಿತು.

ಗಿರಾಕಿಗಳ ಮುಂದೆಯೇ ಅಂದೆ: “ಅಕ್ಕಾರ, ಹಾಳಿ ಹರದವರು ನೀವ. ಕಡೀ ಹಾಳಿ ಮ್ಯಾಲ ಕಣ್ಣಿರೋದು ನಿಮಗೊಬ್ಬರಿಗೇ.”

ನೀವು ಕೂಗಾಡಲಿಲ್ಲ. “ನಾ ಹರದಿಲ್ಲರಿ. ಕತಿಯೊಳಗ ಹೆಣ್ಮಗಳು ಉಳೀತಾಳೋ ಇಲ್ಲೋ ಅಂತ ನೋಡ್ತಿದ್ದೆ. ಉಳದ್ಲು ಅಂದ್ರ ಅಷ್ಟ ಒಯ್ತಿದ್ದೆ,” ಅಂದಿರಿ. ಕೈಯಲ್ಲಿದ್ದ ಪುಸ್ತಕ ಮೇಜಿನ ಮೇಲಿಟ್ಟು ಹೋದಿರಿ. ಮತ್ತೆ ಬರಲಿಲ್ಲ. ಕಳ್ಳಿ ಎಂಬ ಹೆಸರು ಓಣಿಯಲ್ಲಿ ಉಳಿಯಿತು; ನಿಮ್ಮ ಯಜಮಾನರು ನೀವು ಓದುವುದನ್ನೇ ಬಿಡಿಸಿದರೆಂದು ಆಮೇಲೆ ಕೇಳಿದೆ.

ಹರಿದವನು ನನ್ನ ಅಣ್ಣ. ಆ ಹಾಳೆಯ ಹಿಂಬದಿಯಲ್ಲಿ ಪ್ರಕಾಶಕರ ಕೂಪನ್ ಇರುತ್ತಿತ್ತು. ಹತ್ತು ಕೂಪನ್ ಕಳಿಸಿದರೆ ಒಂದು ಗೋಡೆ ಗಡಿಯಾರ. ಒಂಬತ್ತು ಅವನ ಟ್ರಂಕಿನಲ್ಲಿ ಸಿಕ್ಕವು, ಬೆನ್ನಿಗೆ ಒಂಬತ್ತು ಕಥೆಗಳ ಕೊನೆ ಹೊತ್ತುಕೊಂಡು.

ಎರಡು ಓಣಿ ದಾಟಿದರೆ ನಿಮ್ಮ ಮನೆ. ಬರಲಿಲ್ಲ. ಅಣ್ಣನ ಮಾನ ಕಾಯುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ — ಅದೂ ಸುಳ್ಳು. ನನ್ನ ಪತ್ತೇದಾರಿಕೆ ಕಂಡು ಗಿರಾಕಿಗಳು ನಕ್ಕಾರು ಎಂಬ ಅಂಜಿಕೆ, ಅಷ್ಟೇ. ಆ ಪುಸ್ತಕಗಳಲ್ಲಿ ಪತ್ತೇದಾರ ಯಾರ ಬಾಗಿಲಿಗೂ ಹೋಗಿ ತಪ್ಪಾಯಿತು ಅನ್ನುವುದಿಲ್ಲ. ಅದನ್ನು ನಾನು ಗಂಡಸುತನ ಎಂದು… ಇರಲಿ.

ನೀವೀಗ ಬೈಲಹೊಂಗಲದಲ್ಲಿ ಮಗಳ ಹತ್ತಿರ ಇದ್ದೀರಂತೆ. ಈ ಭಾನುವಾರ ಬರುತ್ತೇನೆ. ಮಗಳು, ಅಳಿಯ, ಮೊಮ್ಮಕ್ಕಳು ಎಲ್ಲರೂ ಮನೆಯಲ್ಲಿರುವಾಗಲೇ ಹೇಳುತ್ತೇನೆ. ನೀವು ಒಳಗೆ ಕರೆಯದಿದ್ದರೆ ಓಣಿಯಲ್ಲಿ ನಿಂತೇ, ನೆರೆಮನೆಯವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳುತ್ತೇನೆ.